ಅಕ್ಕನ ಲ್ಯಾಪ್‌ಟಾಪ್ ಬಿಚ್ಚಿದ ಉಸ್ತಾದರು

ಉಸ್ತಾದರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬೀದರದ ಅವರ ಅಂಗಡಿಯ ಮುಂದೆ ನಿಂತಾಗಲೇ. ಶಟರು ಇಳಿದಿತ್ತು. ಪಕ್ಕದ ಟೇಲರು ಹೊಲಿಗೆ ಮಿಷನ್ನಿನ ಗಾಲಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, "ನಲ್ವತ್ತು ದಿನದ ಫಾತಿಹಾನೂ ಮುಗೀತರಿ ಮೇಡಂ. ನಿಮಗ ಯಾರೂ ಹೇಳಲಿಲ್ಲೇನು?" ಎಂದರು. ನನಗೆ ಯಾರು ಹೇಳಬೇಕು? ಎರಡು ವರ್ಷಕ್ಕೂ ಹಿಂದೆ ಅದೇ ಕಟ್ಟೆಯ ಮೇಲೆ ನಿಂತು ನಾನು ಆಡಿದ ಮಾತನ್ನು ಆ ಗಲ್ಲಿಯ ಮಂದಿಯೆಲ್ಲ ಕೇಳಿದ್ದರು. ಟೇಲರೂ ಕೇಳಿದ್ದರು. ನಾನು ಮತ್ತೆ ಅಲ್ಲಿಗೆ ಬಂದದ್ದೇ ಅವರಿಗೆ ಸೋಜಿಗವಾಗಿರಬೇಕು.

ಆ ದಿನ ನಾನು ಬಂದದ್ದು ಉಸ್ತಾದರ ಕ್ಷಮೆ ಕೇಳಲು. ಔರಾದದಲ್ಲಿ ಬಸ್ಸು ಹತ್ತಿ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಇಪ್ಪತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ನನ್ನದು, ಮಾತಿಗೆ ಎಂದೂ ಬಡತನ ಬಂದದ್ದಿಲ್ಲ. ಆದರೂ ಆ ನಾಲ್ಕು ಮಾತು ಜೋಡಿಸಲು ಸಂತಪುರ ದಾಟಬೇಕಾಯಿತು. ಕೇಳಬೇಕಾದವರು ಇಲ್ಲದ ಮೇಲೆ ಆ ಮಾತುಗಳೆಲ್ಲ ನನ್ನ ಹತ್ತಿರವೇ ಉಳಿದವು.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಯಾರೂ ಅವರನ್ನು ಕರೆಯುತ್ತಲೂ ಇರಲಿಲ್ಲ. ಚೌಬಾರಾ ಗೋಪುರದ ಹತ್ತಿರ ಇಳಿದು ಯಾವ ಆಟೋದವನನ್ನು ಕೇಳಿದರೂ, "ಲ್ಯಾಪ್‌ಟಾಪ್ ಉಸ್ತಾದ್ ಏನ್ರಿ? ಹಾಂಗೇ ಸೀದಾ ಹೋಗ್ರಿ" ಎನ್ನುತ್ತಿದ್ದ. ಮೊದಲು ಅವರು ರೇಡಿಯೊ ಉಸ್ತಾದರಂತೆ. ಆಮೇಲೆ ಟೇಪ್ ರೆಕಾರ್ಡರು, ಆಮೇಲೆ ಟೀವಿ. ಬೀದರಕ್ಕೆ ಯಾವ ಯಂತ್ರ ಬಂದರೂ ಅದರ ಹೊಟ್ಟೆ ಬಗೆದು ನೋಡುವವರೆಗೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕಂಪ್ಯೂಟರ್ ಬರುವ ಹೊತ್ತಿಗೆ ಗಡ್ಡ ಅರ್ಧ ಬೆಳ್ಳಗಾಗಿತ್ತು. ಕಲಿತೇಬಿಟ್ಟರು. ಓದಿದ್ದು ಉರ್ದು ಸಾಲಿಯಲ್ಲಿ ಏಳನೆಯ ತರಗತಿ. ಉರ್ದು ನೀರು ಕುಡಿದಂತೆ ಓದುತ್ತಿದ್ದರು, ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದರು. ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು, ಆದರೆ ಓದಲು ಬರುತ್ತಿರಲಿಲ್ಲ. ಭಾಲ್ಕಿಗೆ ಹೋಗುವುದಿದ್ದರೆ ಬಸ್ಸಿನ ಬೋರ್ಡು ಬಿಟ್ಟು ಕಂಡಕ್ಟರನ ಮುಖ ನೋಡಿ ಹತ್ತುತ್ತೇನೆ ಎಂದು ತಾವೇ ಹೇಳಿ ನಗುತ್ತಿದ್ದರು.

ಅವರ ಕೆಲಸದ ರೀತಿಯನ್ನು ನೋಡಬೇಕಿತ್ತು. ಲ್ಯಾಪ್‌ಟಾಪ್ ಬಿಚ್ಚುವ ಮೊದಲು ಒಂದು ರಟ್ಟಿನ ತುಂಡಿನ ಮೇಲೆ ಪೆನ್ಸಿಲಿನಿಂದ ಅದರ ಚಿತ್ರ ಬರೆಯುವರು. ಎಲ್ಲೆಲ್ಲಿಂದ ಸ್ಕ್ರೂ ತೆಗೆದರೋ ರಟ್ಟಿನ ಮೇಲೆ ಅಲ್ಲಲ್ಲೇ ಆ ಸ್ಕ್ರೂ ಚುಚ್ಚಿ ನಿಲ್ಲಿಸುವರು. ಹನ್ನೆರಡು ತೆಗೆದರೆ ಹನ್ನೆರಡೂ ತಮ್ಮ ತಮ್ಮ ಜಾಗಕ್ಕೆ ಮರಳಬೇಕು. "ಇದು ಇಲ್ಲೀದು, ಅದು ಅಲ್ಲೀದು. ಒಂದರ ಜಾಗಾ ಇನ್ನೊಂದಕ್ಕ ಕೊಟ್ರ ಎರಡೂ ಸಿಟ್ಟಿಗಿ ಏಳ್ತಾವರಿ" ಎನ್ನುತ್ತಿದ್ದರು. ಹಾರ್ಡ್ ಡಿಸ್ಕ್ ಕೆಟ್ಟಿದೆ ಎನಿಸಿದರೆ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಹಚ್ಚಿ ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುವರು. ಆಗ ಅಂಗಡಿಯಲ್ಲಿ ಯಾರೂ ಮಾತಾಡಬಾರದು. ಟೇಲರರ ಮಿಷನ್ನೂ ನಿಲ್ಲುತ್ತಿತ್ತು.

ಇನ್ನೊಂದು ರೂಢಿ ಇತ್ತು. ಸಾಯುತ್ತಿರುವ ಡಿಸ್ಕಿನಿಂದ ಫೈಲು ಹೊರಗೆ ತೆಗೆಯುವ ಮೊದಲು ಗಿರಾಕಿಯನ್ನು ಸ್ಟೂಲಿನ ಮೇಲೆ ಕೂಡಿಸಿ, ಇದರಲ್ಲಿ ನಿಮಗೆ ಬೇಕಾದ ಒಂದೇ ಒಂದು ಯಾವುದು ಎಂದು ಕೇಳುವರು. ಎಲ್ಲಾ ಬೇಕು ಎಂದರೆ ನಡೆಯುತ್ತಿರಲಿಲ್ಲ. ಭಾಲ್ಕಿಯ ವಕೀಲರೊಬ್ಬರು ಹಟ ಹಿಡಿದು, "ಅರೇ, ಎಲ್ಲಾನೂ ಕೇಸಿನ ಕಾಗದಾನೇ ಅವ. ಎಲ್ಲಾ ತಗೀರಿ" ಎಂದರಂತೆ. ಇವರು ಬಿಡಲಿಲ್ಲ. "ವಕೀಲ್ ಸಾಹೇಬ್ರ, ಮನಿಗಿ ಬೆಂಕಿ ಹತ್ತೇದ. ಒಮ್ಮೆ ಅಷ್ಟೇ ಒಳಗ ಹೋಗಬಹುದು. ಏನ್ ಹೊತ್ಕೊಂಡು ಬರ್ತೀರಿ?" ವಕೀಲರು ಕೊನೆಗೆ ದನಿ ಇಳಿಸಿ, "ನಮ್ಮ ನಾಯಿದೊಂದು ಫೋಟೋ ಅದರಿ. ಹೋದ ವರ್ಷ ಸತ್ತದ" ಎಂದರು. ಕೂತವರೆಲ್ಲ ನಕ್ಕರು. ಉಸ್ತಾದರು ನಗಲಿಲ್ಲ. ಮೊದಲು ನಾಯಿಯನ್ನೇ ತೆಗೆದುಕೊಟ್ಟರು.

ಫೈಲು ಸಿಗಲಿಲ್ಲ ಎಂದಾಗ ಗಿರಾಕಿ, "ಹಂಗಾದ್ರ ಇಲ್ಲ ಅನ್ರಿ" ಎಂದರೆ ಅವರಿಗೆ ಸೇರುತ್ತಿರಲಿಲ್ಲ. "ಇಲ್ಲ ಅನಬ್ಯಾಡ್ರಿ. ಸಿಗವಲ್ತು ಅನ್ರಿ" ಎಂದು ತಿದ್ದುತ್ತಿದ್ದರು.

ನಾನು ಅವರ ಅಂಗಡಿ ಹತ್ತಿದ್ದು ನನ್ನ ಅಕ್ಕನ ಲ್ಯಾಪ್‌ಟಾಪ್ ಹಿಡಿದುಕೊಂಡು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮದು ಠಾಣಾ ಕುಶನೂರ ಕಡೆಯ ಮನೆತನ, ಕುರಿ ಮತ್ತು ಒಂದಿಷ್ಟು ತೊಗರಿ ಹೊಲ. ನನಗೆ ಎರಡು ವರ್ಷವಿದ್ದಾಗ ಅವ್ವ ಹೋದಳು. ಅವಳದೊಂದು ಫೋಟೋ ಇಲ್ಲ. ಅವಳ ಮುಖ ಹೇಗಿತ್ತು, ದನಿ ಹೇಗಿತ್ತು, ನನಗೇನೂ ಗೊತ್ತಿಲ್ಲ. ಅಪ್ಪನನ್ನು ಕೇಳಿದರೆ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದ. ಅಕ್ಕನನ್ನು ಕೇಳಿದರೆ, "ಹೇಳ್ತೇನಿ ತಡಿ" ಎನ್ನುತ್ತಿದ್ದಳು. ಅವಳು ಭಾಲ್ಕಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು, ಮದುವೆಯಾಗಲಿಲ್ಲ, ನನ್ನನ್ನು ಕರೆದೊಯ್ದು ಓದಿಸಿದಳು, ನಾನು ಔರಾದದಲ್ಲಿ ಹೈಸ್ಕೂಲ್ ಟೀಚರಾಗಿ ಬಾಯಿ ದೊಡ್ಡದು ಮಾಡಿಕೊಂಡೆ. ಇಷ್ಟೆಲ್ಲ ಆದರೂ ಅವಳು ಹೇಳಲೇ ಇಲ್ಲ.

ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಬೀದರದ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಉಳಿದ ದಿನ ಅಡಿಗೆಮನೆಯ ನೆಲದ ಮೇಲೆ ಕೂತು, ಒಲೆಯ ಮೇಲೆ ರೊಟ್ಟಿ ಹಾಕಿ, ಅದು ಬೇಯುವುದರೊಳಗೆ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಕುಟ್ಟುತ್ತಿದ್ದಳು. ಏನು ಬರೆಯುತ್ತಿ ಎಂದು ಕೇಳಿದೆ.

"ಅವ್ವನ್ನ ಬರೀಲತ್ತೀನಿ. ಬಾಯಿಲೆ ಹೇಳ್ಲಿಕ್ಕ ಕುಂತ್ರ ನನಗ ಅಳು ಬರ್ತದ, ಬರದ್ರ ಬರಲ್ಲ. ನನ್ನ ಹಿಂದ ನಿನಗ ಹೇಳೋರು ಯಾರೂ ಇಲ್ಲ. ನಾ ಹೋದಮ್ಯಾಲ ತಗದು ಓದು. ಈಗ ಇಣುಕಿದ್ರ ಕೈ ಮುರೀತೇನಿ ನೋಡು."

ನಾನು ಇಣುಕಲಿಲ್ಲ. ಅವಳು ಹೋಗಿ ಒಂದು ತಿಂಗಳವರೆಗೆ ಆ ಲ್ಯಾಪ್‌ಟಾಪ್ ಮುಟ್ಟಲೂ ಧೈರ್ಯವಾಗಲಿಲ್ಲ. ಮುಟ್ಟಿದ ದಿನ ಕಪ್ಪು ಪರದೆಯ ಮೇಲೆ ನಾಲ್ಕು ಬಿಳಿ ಸಾಲು ಬಂದವು, ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು, ಅಷ್ಟೇ. ಔರಾದದ ಅಂಗಡಿಯವನು ನೋಡಿ ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಿಸಬೇಕು, ಹಳೆಯದರಲ್ಲಿ ಇದ್ದದ್ದು ಬೇಕಿದ್ದರೆ ಬೀದರದ ಉಸ್ತಾದರ ಕಡೆ ಹೋಗಿ ಎಂದ.

ಉಸ್ತಾದರು ಸ್ಟೂಲು ಸರಿಸಿ ಕೂಡ್ರಿಸಿದರು. ಒಂದೇ ಒಂದು ಯಾವುದು ಎಂದು ಕೇಳಿದರು. "ಅವ್ವ ಅಂತ ಒಂದು ಫೈಲ್ ಅದರಿ" ಎಂದೆ. ಹೇಳುತ್ತ ಹೇಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ಬಹಳ ಹೊತ್ತು ಆಲಿಸಿದರು. "ಉಸಿರು ಅದರಿ ಮೇಡಂ. ಸಣ್ಣ ಉಸಿರು. ಇದಕ್ಕ ಒತ್ತಾಯ ಮಾಡಬಾರದು. ಹತ್ತು ನಿಮಿಷ ಓಡಸ್ತೇನಿ, ಒಂದು ತಾಸು ಮಲಗಸ್ತೇನಿ. ಬಹಳ ದಿನ ಹಿಡೀತಾವ. ಸಬರ್ ಇರಲಿ, ಅವಸರ ಬ್ಯಾಡ."

ಕೀಬೋರ್ಡ್ ಎತ್ತಿದಾಗ ಅದರ ಕೆಳಗೆ ಬೆಳ್ಳಗೆ ಏನೋ ಉದುರಿತು. ಬ್ರಷ್ಷಿನಿಂದ ಗುಡಿಸಲು ಹೋದವರು ಬೆರಳಿಗೆ ಹಚ್ಚಿ ನೋಡಿ, "ಜೋಳದ ಹಿಟ್ಟು" ಎಂದರು. ನನಗೆ ತಡೆಯಲಾಗಲಿಲ್ಲ, ಅಳು ಬಂತು. ಉಸ್ತಾದರು ಒಂದು ಹಳೆಯ ಉರ್ದು ಪೇಪರಿನ ಚೂರು ಹರಿದು, ಆ ಚಿಟಿಕೆ ಹಿಟ್ಟನ್ನು ಅದರಲ್ಲಿ ಗುಡಿಸಿ, ಮೆಡಿಕಲ್ ಅಂಗಡಿಯವರು ಪುಡಿ ಕಟ್ಟಿಕೊಡುವ ಹಾಗೆ ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ ತಮ್ಮ ಪಾಡಿಗೆ ಸ್ಕ್ರೂ ಚುಚ್ಚುತ್ತ ಕೂತರು.

ಮೂರು ವಾರ ಹಿಡಿಯಿತು. ನಾನು ಪ್ರತಿ ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಬರುತ್ತಿದ್ದೆ. ಹೋದಾಗಲೆಲ್ಲ ಚಹಾ ತರಿಸುವರು. "ಇವತ್ತ ಒಂದು ಮುಷ್ಟಿ ಕೊಟ್ಟದರಿ" ಎನ್ನುವರು. ಇನ್ನೊಂದು ವಾರ, "ಇವತ್ತ ಸಿಟ್ಟಿನಾಗ ಅದ, ಮಾತಾಡಿಸಬ್ಯಾಡ್ರಿ." ಎರಡನೆಯ ವಾರ ಅವರ ಬಾಯಲ್ಲಿ ಮೇಡಂ ಹೋಗಿ, ಮಗಳೆನ್ನುವ ಬೇಟಿ ಬಂದಿತ್ತು. ಮೂರನೆಯ ವಾರ ಶಟರಿನ ಹೊರಗೆ ನಿಂತು ನನ್ನ ದಾರಿ ಕಾಯುತ್ತಿದ್ದರು. ಅವ್ವ ಎನ್ನುವ ಹೆಸರಿನ ಫೈಲು ಹೊರಗೆ ಬಂದಿತ್ತು. ಫೋಟೋಗಳು ಕೆಲವು ಅರ್ಧಕ್ಕೆ ಬೂದಿ ಬಣ್ಣವಾಗಿದ್ದವು, ಆದರೆ ಫೈಲು ಇತ್ತು.

ಹೊಸ ಡಿಸ್ಕನ್ನು ನಾನು ಬರುವವರೆಗೆ ಹಾಕಿರಲಿಲ್ಲ. ನನ್ನ ಎದುರಿಗೇ ಕೂಡಿಸಿ, ರಟ್ಟಿನ ಮೇಲಿನ ಸ್ಕ್ರೂಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ತಿರುಗಿಸಿದರು. "ಹೊಸ ಮನಿಗಿ ಮಾಲಕರೇ ಮೊದಲ ಕಾಲಿಡಬೇಕು" ಎಂದು ಪವರ್ ಗುಂಡಿಯನ್ನು ನನ್ನ ಕೈಯಿಂದ ಒತ್ತಿಸಿದರು. ಪೆನ್ ಡ್ರೈವ್ ಹಾಕಿ ವಿಂಡೋಸ್ ಏರಿಸಲು ಬಿಟ್ಟು, ಪರದೆಯ ಮೇಲೆ ಶೇಕಡಾವಾರು ಏರುವುದನ್ನು ಇಬ್ಬರೂ ನೋಡುತ್ತ ಕೂತೆವು. ಆಗ ಅವರು ಒಂದು ಮಾತು ಕೇಳಿದರು. ಅದನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ, ಯಾಕೆಂದರೆ ಆಮೇಲೆ ಎರಡು ವರ್ಷ ಅದನ್ನು ಅನುಕೂಲವಾಗಿ ಮರೆತಿದ್ದೆ.

"ಕನ್ನಡ ಟೈಪಿಂಗಿಂದು ಯಾವುದು ಹಾಕ್ಲಿ ಬೇಟಿ? ಅಕ್ಕಾರು ಯಾವುದರಾಗ ಬರೀತಿದ್ರು?"

"ಎಲ್ಲಾರೂ ವಾಪರಸೋದೇ ಹಾಕ್ರಿ. ಅದರಾಗ ಏನದ" ಎಂದೆ.

ಅದರಲ್ಲಿಯೇ ಎಲ್ಲಾ ಇತ್ತು. ಆದರೆ ಆಗ ಗೊತ್ತಾಗಲಿಲ್ಲ. ಶಾಲೆಯ ಕೆಲಸಕ್ಕೆಂದು ಅಕ್ಕನ ಲ್ಯಾಪ್‌ಟಾಪಿನಲ್ಲಿ ನಾನು ಮಾಡಿಟ್ಟಿದ್ದ ಪ್ರಶ್ನೆಪತ್ರಿಕೆಗಳನ್ನು ಮೊದಲು ತೆರೆದೆವು. ಕನ್ನಡ ಮುತ್ತಿನಂತೆ ಬಂತು. ಉಸ್ತಾದರು ಹಿಗ್ಗಿ, "ಈಗ ತಾಯಿನ್ನ ನೋಡ್ರಿ" ಎಂದರು. ನಾನು ಫೈಲು ಒತ್ತಿದೆ. ಪುಟ ತುಂಬ ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಎದ್ದು ಬಂದವು. ಒಂದು ಶಬ್ದವೂ ಶಬ್ದವಲ್ಲ. ಕೆಳಗೆ ಎಳೆದೆ, ಎಳೆದೆ. ಅರವತ್ತು ಪುಟಕ್ಕೂ ಅದೇ.

ಉಸ್ತಾದರು ಪರದೆಯ ಹತ್ತಿರ ಮುಖ ತಂದು ನೋಡಿದರು. ಕನ್ನಡ ಓದಲು ಬಾರದ ಅವರಿಗೆ ಸರಿಯಾದ ಕನ್ನಡವೂ ಒಂದು ಚಿತ್ರವೇ. ಇದು ಬೇರೆ ಚಿತ್ರ ಎಂದಷ್ಟೇ ಗೊತ್ತಾಯಿತು. ಅರ್ಧ ಬೂದಿಯಾದ ಫೋಟೋಗಳನ್ನು ನೋಡಿದ್ದರಲ್ಲ, ಫೈಲೂ ಹಾಗೇ ಒಳಗೆ ಸುಟ್ಟಿದೆ ಎಂದುಕೊಂಡರು. ಮುಖ ಸಣ್ಣದಾಯಿತು. "ಇನ್ನೊಂದು ವಾರ ಕೊಡ್ರಿ. ಮತ್ತೊಮ್ಮೆ ತಗೀತೇನಿ" ಎಂದರು.

ಮುಂದಿನ ಶನಿವಾರ ಹೋದಾಗಲೂ ಅದೇ ಅಕ್ಷರ. ಹಳೆಯ ಡಿಸ್ಕ್ ಆ ವಾರ ಪೂರ್ತಿ ನಿಂತೇ ಹೋಗಿತ್ತು. ಅಂಗಡಿಯಲ್ಲಿ ಐದಾರು ಜನ ಇದ್ದರು. ನನ್ನ ತಲೆಗೆ ಏನು ಏರಿತೋ. ಅಕ್ಕ ಸತ್ತಾಗ ಅಳಲಿಲ್ಲ ಎಂದು ನೆಂಟರು ಆಡಿಕೊಂಡಿದ್ದರು, ಅದೆಲ್ಲ ಸಿಟ್ಟಾಗಿ ಹೊರಬಿತ್ತು. ಹೊರಗೆ ಬಂದು ಕಟ್ಟೆಯ ಮೇಲೆ ನಿಂತು, ಇಡೀ ಗಲ್ಲಿಗೆ ಕೇಳುವಂತೆ ಕೂಗಿದೆ:

"ಓದಲಿಕ್ಕ ಬರದವರು ಓದೋರ ಸಾಮಾನಿಗಿ ಯಾಕ ಕೈ ಹಾಕ್ತೀರಿ? ನಮ್ಮ ಅವ್ವನ್ನ ಎರಡನೇ ಸಲ ಕೊಂದ್ರಿ!"

ಉಸ್ತಾದರು ಕೂತಲ್ಲಿಂದ ಎದ್ದು ನಿಂತರು. ಕೈಯಲ್ಲಿ ಚಿಕ್ಕ ಸ್ಕ್ರೂಡ್ರೈವರ್ ಹಾಗೇ ಇತ್ತು. "ಖರೇ ಅದರಿ" ಎಂದರು. ಲ್ಯಾಪ್‌ಟಾಪನ್ನು ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿ, ಫೈಲುಗಳಿದ್ದ ಪೆನ್ ಡ್ರೈವನ್ನು ಚಿಕ್ಕ ಪಾಕೀಟಿನಲ್ಲಿಟ್ಟು, ಎರಡೂ ಕೈಯಿಂದ ನನ್ನತ್ತ ಚಾಚಿದರು. ನಾನು ಕಸಿದುಕೊಂಡು ಬಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಮನುಷ್ಯಳೆನಿಸುತ್ತಿದ್ದೆ. ಔರಾದದ ಸ್ಟಾಫ್ ರೂಮಿನಲ್ಲಿ ಹೇಳಿದೆ, ಭಾಲ್ಕಿಯಲ್ಲಿ ಅಕ್ಕನ ಜತೆಗಿದ್ದ ಟೀಚರುಗಳಿಗೆ ಹೇಳಿದೆ. ಎರಡೂ ತಾಲೂಕಿನ ಮಾಸ್ತರರ ಲ್ಯಾಪ್‌ಟಾಪು ಕೆಟ್ಟರೆ ಹೋಗುತ್ತಿದ್ದದ್ದು ಅವರ ಕಡೆಗೇ. ನಾನು ಹೇಳಿದ ಮೇಲೆ ಅವರೆಲ್ಲ ಬೇರೆ ದಾರಿ ಹಿಡಿದರು. ಒಬ್ಬ ಸಹೋದ್ಯೋಗಿ, "ಅವರ ಕಡಿ ಯಾಕ ಹೋಗಿದ್ರಿ? ನಮ್ಮವರ ಅಂಗಡಿ ಇರಲಿಲ್ಲೇನು?" ಎಂದರು. ಆ ಮಾತಿಗೆ ಒಂದು ಉತ್ತರ ಕೊಡಬೇಕಿತ್ತು. ಉಸ್ತಾದರು ಹಿಟ್ಟು ಕಟ್ಟಿಕೊಟ್ಟದ್ದನ್ನಾದರೂ ಹೇಳಬೇಕಿತ್ತು. ನಾನು ಚಹಾ ಮುಗಿಸಿ ಮುಂದಿನ ತರಗತಿಗೆ ಎದ್ದು ಹೋದೆ.

ಪೆನ್ ಡ್ರೈವನ್ನು ಮಾತ್ರ ಬಿಸಾಕಲಿಲ್ಲ. ಶಾಲೆಯ ಕೆಲಸಕ್ಕೆ ಬಳಸುತ್ತಿದ್ದೆ. ಅವ್ವ ಎನ್ನುವ ಹೆಸರು ಕಂಡಾಗಲೆಲ್ಲ ಅಳಿಸೋಣ ಎಂದು ಬೆರಳು ಹೋಗುತ್ತಿತ್ತು, ಮತ್ತೆ ಹಿಂದೆ ಬರುತ್ತಿತ್ತು. ಹೀಗೇ ಎರಡು ವರ್ಷದ ಹತ್ತಿರ ಬಂತು. ಕಳೆದ ಮುಂಗಾರಿನಲ್ಲಿ, ಶಾಲೆ ಆಗಷ್ಟೇ ಶುರುವಾಗಿತ್ತು, ಸಂತಪುರದ ಶಾಲೆಯೊಂದಕ್ಕೆ ಸಭೆಗೆ ಹೋಗಿದ್ದೆ. ಏನೋ ಪ್ರಿಂಟ್ ತೆಗೆಯಬೇಕಾಗಿ ಅಲ್ಲಿನ ಹಳೆಯ ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕಿದೆ. ಕೈತಪ್ಪಿ ಅಕ್ಕನ ಫೈಲು ತೆರೆಯಿತು. ಪಕ್ಕದಲ್ಲಿದ್ದ ಹೆಡ್‌ಮಾಸ್ತರು ಕನ್ನಡಕ ಏರಿಸಿ ಓದತೊಡಗಿದರು. ಹೌದು, ಓದತೊಡಗಿದರು.

"ಅವ್ವ ಎತ್ತರ ಇದ್ದಳು. ಬಾಗಲದಾಗ ಬರುವಾಗ ತಲಿ ಬಗ್ಗಸ್ತಿದ್ದಳು..."

ನಾನು ಅವರ ಹೆಗಲ ಮೇಲಿಂದ ಬಾಗಿ ನೋಡಿದೆ. ಪರದೆಯ ಮೇಲೆ ಕನ್ನಡ. ಶುದ್ಧ, ಪೂರ್ತಿ ಕನ್ನಡ. ಹೆಡ್‌ಮಾಸ್ತರು ಸಹಜವಾಗಿ ಹೇಳಿದರು: "ಇದು ನಮ್ಮ ಹಳೇ ತರಬೇತಿದಾಗ ಸಿಡಿ ಕೊಟ್ಟಿದ್ರಲ್ಲರಿ, ಆ ಕನ್ನಡ ಫಾಂಟು. ಈಗ ಯಾರ ಹಂತೇಕೂ ಇಲ್ಲ. ಈ ಡಬ್ಬಿದಾಗ ಒಂದು ಉಳದದ. ಬ್ಯಾರೇದರಾಗ ತಗದ್ರ ಬರೀ ಗೀಚು ಗಾಚು ಕಾಣ್ತದ."

ಫೈಲು ಸುಟ್ಟಿರಲಿಲ್ಲ. ಒಂದು ಅಕ್ಷರವೂ ಕೆಟ್ಟಿರಲಿಲ್ಲ. ಸಾಯುವ ಡಿಸ್ಕಿನಿಂದ ಅರವತ್ತು ಪುಟವನ್ನೂ ಉಸ್ತಾದರು ಕೂದಲು ಕೊಂಕದಂತೆ ಎತ್ತಿ ಹೊರಗೆ ತಂದಿದ್ದರು. ಯಾವ ಕನ್ನಡ ಹಾಕಲಿ ಎಂದು ಅವರು ಕೇಳಿದ್ದರು. ಅದರಾಗ ಏನದ ಎಂದವಳು ನಾನು.

ಅಲ್ಲೇ ಕೂತು ಎಲ್ಲ ಪ್ರಿಂಟ್ ತೆಗೆಸಿದೆ, ಬಸ್ಸಿನಲ್ಲಿ ಓದಿದೆ, ಮನೆಯಲ್ಲಿ ಓದಿದೆ. ಅವ್ವ ಎಡಗೈಯವಳು. ಅವ್ವನಿಗೆ ಸೀಟಿ ಹೊಡೆಯಲು ಬರುತ್ತಿತ್ತು. ಹೆಂಗಸರು ಸೀಟಿ ಹೊಡೆಯಬಾರದು ಎಂದು ಅಜ್ಜಿ ಬೈದರೂ, ಹೊಲದ ಬದುವಿನ ಮೇಲೆ ನಿಂತು ಎರಡು ಬೆರಳು ಬಾಯಿಗಿಟ್ಟು ಹೊಡೆದಳೆಂದರೆ ಅಡ್ಡಾಡಿದ ಕುರಿಯೆಲ್ಲ ತಿರುಗಿ ಬರುತ್ತಿದ್ದವಂತೆ. ನಾನು ಬೆನ್ನಿಗೆ ಕಟ್ಟಿಸಿಕೊಂಡು ಮಲಗಿದ್ದವಳು ಆ ಸೀಟಿಗೆ ಎಚ್ಚರಾಗಿ ನಗುತ್ತಿದ್ದೆನಂತೆ. ಐವತ್ತರ ಹೊಸ್ತಿಲಲ್ಲಿ ನನಗೆ ಅವ್ವ ಸಿಕ್ಕಳು. ಅಲ್ಲಿಯವರೆಗೆ ನಾನು ಅಷ್ಟು ಅತ್ತದ್ದೂ ಇಲ್ಲ, ಅಷ್ಟು ನಕ್ಕದ್ದೂ ಇಲ್ಲ.

ಮರುದಿನವೇ ಬೀದರಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಮುಂದಿನ ಶನಿವಾರ ಎಂದುಕೊಂಡೆ. ಆ ಶನಿವಾರ ಮಳೆ. ಆಮೇಲೆ ಕಿರುಪರೀಕ್ಷೆ, ಆಮೇಲೆ ಹಬ್ಬ, ಆಮೇಲೆ ನನ್ನ ಮೊಣಕಾಲು. ಖರೇ ಕಾರಣ ಇವು ಯಾವುವೂ ಅಲ್ಲ, ನನಗೆ ನಾಚಿಕೆ. ತಪ್ಪು ಮಾಡಿದ ಹುಡುಗರನ್ನು ಇಡೀ ತರಗತಿಯ ಎದುರು ನಿಲ್ಲಿಸಿ ಒಪ್ಪಿಸಿದವಳು ನಾನು. ನನ್ನ ಸರದಿ ಬಂದಾಗ ಕಾಲು ಏಳಲಿಲ್ಲ.

ದಸರಾ ರಜೆಯಲ್ಲಿ ಒಮ್ಮೆ ಹೋದೆ. ಚೌಬಾರಾದಿಂದ ನಡೆದು ಗಲ್ಲಿಯ ತಿರುವಿನವರೆಗೂ ಬಂದೆ. ಉಸ್ತಾದರು ಒಬ್ಬರೇ ಇದ್ದರು, ಬಹಳ ಇಳಿದಿದ್ದರು. ಮುಂದೆ ಯಾವ ಯಂತ್ರವೂ ಇರಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದು ಪುಸ್ತಕದ ಸಾಲಿನ ಕೆಳಗೆ ಬೆರಳು ಸರಿಸುತ್ತಿದ್ದರು, ತುಟಿಗಳು ಅಲುಗುತ್ತಿದ್ದವು. ಟೀಚರಿಗೆ ಆ ಪುಸ್ತಕ ದೂರದಿಂದಲೇ ಗುರುತಾಗುತ್ತದೆ. ಒಂದನೆಯ ತರಗತಿಯ ಕನ್ನಡ. ಅರವತ್ತು ದಾಟಿದ ಮನುಷ್ಯ ಯಾರ ಮಾತಿಗಾಗಿ ಆ ಪುಸ್ತಕ ಹಿಡಿದಿದ್ದಾರೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಇಪ್ಪತ್ತು ಹೆಜ್ಜೆ ಇತ್ತು ಅಷ್ಟೇ. ನಾನು ತಿರುಗಿ ಬಂದುಬಿಟ್ಟೆ.

ದೀಪಾವಳಿ ಮುಗಿದು ವಾರಕ್ಕೆ ಅವರು ಹೋದರಂತೆ. ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತರು, ಆಟೋ ಬರುವುದರೊಳಗೆ ಮುಗಿದಿತ್ತು ಎಂದು ಟೇಲರು ಹೇಳಿದರು. ಆ ಟೇಲರೇ ನನ್ನನ್ನು ಹಿಂದಿನ ಗಲ್ಲಿಯ ಮನೆಗೆ ಕರೆದೊಯ್ದು ಬಿಟ್ಟರು.

ಬಾಗಿಲು ತೆರೆದವರು ಅವರ ಹೆಂಡತಿ. ಬಿಳಿ ದುಪಟ್ಟಾ, ಮೆಲುದನಿ. ನಾನು ಹೆಸರು ಹೇಳುವ ಮೊದಲೇ, "ನೀವ್ ಔರಾದ ಟೀಚರ್ ಅಲ್ಲೇನ್ರಿ?" ಎಂದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಒಳಗೆ ಕರೆದು ಚಾಪೆ ಹಾಸಿದರು. ನಾನು ಕೇಳದೆಯೇ ಹೇಳತೊಡಗಿದರು. ಆ ದಿನದ ನಂತರ ಉಸ್ತಾದರು ಕೆಟ್ಟ ಡಿಸ್ಕಿನಿಂದ ಯಾರ ಫೈಲನ್ನೂ ತೆಗೆದುಕೊಡಲಿಲ್ಲವಂತೆ. ಹೊಸ ಡಿಸ್ಕ್ ಹಾಕಿಕೊಡುತ್ತಿದ್ದರು, ಹಳೆಯದನ್ನು ಮುಟ್ಟುತ್ತಿರಲಿಲ್ಲ. ಬಂದವರಿಗೆ ಹೈದರಾಬಾದಿಗೆ ಹೋಗಿ ಎನ್ನುತ್ತಿದ್ದರು.

"ನನ್ನ ಕೈಯಿಂದ ಒಬ್ಬರ ತಾಯಿ ಅಳಿಸಿ ಹೋದಳು ಅಂತಿದ್ರು. ನಮಾಜ್ ಆದಮ್ಯಾಲ ದುವಾ ಮಾಡ್ತಾರಲ್ಲ, ತಮ್ಮ ಅಮ್ಮೀ ಹೆಸರು ತಗೊಂಡು, ಅದರ ಹಿಂದ ನಿಮ್ಮ ತಾಯಿದೂ ತಗೋತಿದ್ರು. ಹೆಸರು ಗೊತ್ತಿಲ್ಲಲ್ಲ, ಔರಾದ ಟೀಚರ್ ತಾಯಿ ಅಂತ ಅನ್ನೋರು."

ನಾನು ಚೀಲದಿಂದ ಕಾಗದ ತೆಗೆದೆ. "ಅಳಿಸಿಲ್ಲರಿ ಅಮ್ಮಾ. ಒಂದ್ ಅಕ್ಷರನೂ ಅಳಿಸಿಲ್ಲ. ಅವರು ಪೂರ್ತಿ ತಗದಿದ್ರು. ತಪ್ಪು ನಂದು" ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಆ ಕಾಗದಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಅವರಿಗೂ ಕನ್ನಡ ಓದಲು ಬಾರದು. "ಓದ್ರಿ" ಎಂದರು.

ಅವ್ವ ಎತ್ತರ ಇದ್ದಳು ಎನ್ನುವಲ್ಲಿಂದ ಶುರುಮಾಡಿ ಓದಿದೆ. ಸೀಟಿಯ ಹತ್ತಿರ ಬಂದಾಗ ಅವರು ಬಾಯಿಗೆ ದುಪಟ್ಟಾ ಒತ್ತಿ ನಕ್ಕರು, ನಗುತ್ತಲೇ ಅತ್ತರು. "ಅವರು ಕೇಳಬೇಕಿತ್ತು. ಇದನ್ನ ಅವರು ಕೇಳಬೇಕಿತ್ತು" ಎಂದು ಎರಡು ಮೂರು ಸಲ ಅಂದರು. ಆಮೇಲೆ ಕಣ್ಣೊರೆಸಿಕೊಂಡು, ಯಾವ ಅನುಮಾನವೂ ಇಲ್ಲದೆ, ಸುಮ್ಮನೆ ಕೇಳಿದರು:

"ನಿನಗ ಯಾವಾಗ ಗೊತ್ತಾತು ಬೇಟಿ?"

ಮುಂಗಾರಿನಿಂದ ದೀಪಾವಳಿಯವರೆಗೆ ಐದು ತಿಂಗಳು. ಆ ಐದು ತಿಂಗಳೂ ಉಸ್ತಾದರು ಬದುಕಿದ್ದರು. ಗಲ್ಲಿಯ ತಿರುವಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರು. ಇದನ್ನು ಹೇಳಲೆಂದೇ ಬಾಯಿ ತೆರೆದೆ.

"ಮೊನ್ನೆರಿ" ಎಂದೆ.

"ಮೊನ್ನಿ ಗೊತ್ತಾಗಿ ಇವತ್ತ ಓಡಿ ಬಂದಿ" ಎಂದು ಅವರು ಹತ್ತಿರ ಸರಿದು ನನ್ನ ತಲೆಯ ಮೇಲೆ ಕೈ ಇಟ್ಟರು. "ಅವರು ಹೇಳೋರು, ಆ ಟೀಚರದು ಬಾಯಿ ಅಷ್ಟೇ ಜೋರು, ದಿಲ್ ಸಾಫ್ ಅದ ಅಂತ."

ಅವರು ಕೈ ತೆಗೆಯುವವರೆಗೂ ನಾನು ತಲೆ ಎತ್ತಲಿಲ್ಲ.